ನಾನು ದಾಟಿಸದೇ ಉಳಿದ ಪ್ರಶ್ನೆ

ನಮ್ಮ ಮನೆಯಲ್ಲಿ ಇಂಗ್ಲಿಷ್ ಮಾತಾಡಲು ಬರುವುದು ನನಗೆ ಮಾತ್ರ. ಕುಂದಾಪುರದ ಕಾನ್ವೆಂಟಿನಲ್ಲಿ ಹತ್ತು ವರ್ಷ ಸಿಸ್ಟರುಗಳ ಕೈಕೆಳಗೆ ಕಲಿತ ಇಂಗ್ಲಿಷ್ ಅದು. ಮದುವೆಯಾಗಿ ನಾವುಂದಕ್ಕೆ ಬಂದ ಮೇಲೆ ಅದರ ಉಪಯೋಗವೆಂದರೆ ಮಿಕ್ಸಿಯ ಗ್ಯಾರಂಟಿ ಕಾರ್ಡು ಓದುವುದು, ಮಗಳು ನಿಶಾಳ ಹೋಂವರ್ಕು ನೋಡುವುದು, ಅಷ್ಟೇ. ಒಂದು ದಿನ ನನ್ನ ಗಂಡನ ತಲೆಯೊಳಗಿನ ವಿಷಯವನ್ನು ಡಾಕ್ಟರಿಂದ ಅವರಿಗೆ, ಅವರಿಂದ ಡಾಕ್ಟರಿಗೆ ದಾಟಿಸುವ ಕೆಲಸ ಆ ಇಂಗ್ಲಿಷಿಗೆ ಬಂತು. ಆ ಕೆಲಸವನ್ನು ನಾನು ನೆಟ್ಟಗೆ ಮಾಡಲಿಲ್ಲ.

ಇವರ ಹೆಸರು ಶೇಖರ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಹೋಗಿ ಬರುವ ಖಾಸಗಿ ಬಸ್ಸಿನಲ್ಲಿ ಇಪ್ಪತ್ತೆರಡು ವರ್ಷ ಕಂಡಕ್ಟರ್. ಬೈಂದೂರು ಬಸ್‌ಸ್ಟ್ಯಾಂಡಿನಲ್ಲಿ ಬಾಗಿಲಿಗೆ ನೇತುಕೊಂಡು ಇವರು ಒಂದೇ ಉಸಿರಿಗೆ ಕೂಗುತ್ತಿದ್ದರು: ‘ಉಪ್ಪುಂದ ಕಂಬದಕೋಣೆ ನಾಗೂರ್ ನಾವುಂದ ಮರವಂತೆ ತ್ರಾಸಿ ಹೆಮ್ಮಾಡಿ ತಲ್ಲೂರ್ ಕುಂದಾಪ್ರ’. ಆ ಸಾಲಿನಲ್ಲಿ ನಡುವೆ ಒಂದು ಸೂಜಿ ತೂರಿಸಲೂ ಜಾಗವಿರುತ್ತಿರಲಿಲ್ಲ. ಮನೆಯಲ್ಲೂ ಮಾತು ಹಾಗೆಯೇ. ಊಟಕ್ಕೆ ಕೂತರೆ ಅನ್ನ ಆರುವವರೆಗೆ ಬಸ್ಸಿನ ಕಥೆ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ತ್ರಾಸಿ ಬರುವಾಗ ಇವರ ಬಾಯಿ ತೆರೆದೇ ಇತ್ತಂತೆ, ಹೆಸರು ಬರಲಿಲ್ಲವಂತೆ. ದಿನಾ ಬರುವ ಒಬ್ಬರು ನಗಾಡಿದರಂತೆ, ‘ಶೇಕ್ರಣ್ಣ, ಸ್ಟಾಪ್ ಮರ್ತ್ ಹೋಯ್ತಾ? ಪ್ರಾಯ ಆಯ್ತ್ ಕಾಣಿ ನಿಮ್ಗೆ’ ಅಂತ. ಇವರೂ ನಗಾಡಿ ನನಗೆ ಬಂದು ಹೇಳಿದರು. ನಾನೂ ನಕ್ಕೆ. ಆ ತಿಂಗಳಲ್ಲಿ ಇನ್ನೆರಡು ಸಲ ಹಾಗಾಯಿತು. ಅದನ್ನು ಇವರು ನನಗೆ ಹೇಳಲಿಲ್ಲ, ಡ್ರೈವರ್ ಹೇಳಿದ್ದು. ಆಮೇಲೆ ಒಂದು ಬೆಳಿಗ್ಗೆ ಚಾದ ಗ್ಲಾಸು ಹಿಡಿದ ಬಲಗೈ ತನ್ನಷ್ಟಕ್ಕೆ ನಡುಗಲು ಶುರುವಾಯಿತು. ಗ್ಲಾಸು ಬಿತ್ತು, ಹಿಂದೆಯೇ ಇವರೂ ಬಿದ್ದರು. ಬಾಯಿಯಲ್ಲಿ ನೊರೆ. ನಾನು ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಾಗ ನೆಲದಲ್ಲಿ ಚಾ ಹರಿದು ನನ್ನ ಸೀರೆಯ ಅಂಚಿಗೆ ಬರುವುದನ್ನೇ ನೋಡುತ್ತಿದ್ದೆ. ಅಂಥ ಹೊತ್ತಿನಲ್ಲಿ ಅದು ಯಾಕೆ ಕಂಡಿತೋ ಗೊತ್ತಿಲ್ಲ.

ಸ್ಕ್ಯಾನಿಂಗ್ ಆಯಿತು. ತಲೆಯ ಎಡಗಡೆ ಗೆಡ್ಡೆ ಎಂದರು. ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಕಳಿಸಿದರು.

ಅಲ್ಲಿನ ಸರ್ಜನ್ ಬೇರೆ ರಾಜ್ಯದವರು. ಕನ್ನಡದಲ್ಲಿ ‘ನಮಸ್ಕಾರ’, ‘ಕೂತ್ಕೊಳ್ಳಿ’ ಅಷ್ಟೇ ಬರುತ್ತಿತ್ತು. ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಮೆದುಳು ಇತ್ತು, ಭಾಗಗಳು ಬಿಟ್ಟುಹೋಗದ ಹಾಗೆ ಅದಕ್ಕೊಂದು ರಬ್ಬರ್ ಬ್ಯಾಂಡ್ ಹಾಕಿದ್ದರು. ನನಗೆ ಇಂಗ್ಲಿಷ್ ಬರುತ್ತದೆಂದು ತಿಳಿದ ಕೂಡಲೇ ಅವರ ಮುಖ ಸಡಿಲವಾಯಿತು. ಕುರ್ಚಿಯನ್ನು ಇವರ ಕಡೆಗೇ ತಿರುಗಿಸಿಕೊಂಡು, ಇವರ ಕಣ್ಣನ್ನೇ ನೋಡುತ್ತಾ, ನನಗೆ ಅರ್ಥವಾಗುವಷ್ಟು ನಿಧಾನ ಮಾತಾಡಿದರು. ಒಳ್ಳೆಯ ಡಾಕ್ಟರು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ತಪ್ಪು ಎಲ್ಲಿ ಆಯಿತೆಂದು ಯಾರಿಗೂ ಅನುಮಾನ ಬೇಡ.

ಅವರು ಹೇಳಿದ್ದು ಇಷ್ಟು. ಗೆಡ್ಡೆ ನಿಧಾನವಾಗಿ ಬೆಳೆಯುವಂಥದ್ದು, ಆದರೆ ಮಾತು ಹುಟ್ಟುವ ಜಾಗಕ್ಕೆ ತಾಗಿಕೊಂಡಿದೆ. ಪೂರ್ತಿ ತೆಗೆಯಲು ಆಗುವುದಿಲ್ಲ. ಅರ್ಧ ಆಪರೇಷನ್ ಇವರು ಎಚ್ಚರ ಇರುವಾಗಲೇ ನಡೆಯುತ್ತದೆ, ಮಾತಾಡಿಸುತ್ತಾ ತೆಗೆಯುತ್ತಾರೆ. ಆಮೇಲೆ ಮಾತು ತಡವರಿಸಬಹುದು, ಕೆಲವು ವಾರಗಳಲ್ಲಿ ಸರಿಹೋಗಬಹುದು, ಪೂರ್ತಿ ಸರಿಹೋಗದೆಯೂ ಇರಬಹುದು. ಇಷ್ಟು ಹೇಳಿ, ‘ಈಗ ನಾನೊಂದು ಪ್ರಶ್ನೆ ಕೇಳುತ್ತೇನೆ, ದಯವಿಟ್ಟು ಅವರನ್ನೇ ಕೇಳಿ ಹೇಳಿ’ ಎಂದರು. ಪ್ರಶ್ನೆ ಹೀಗಿತ್ತು: ತೆಗೆಯುತ್ತಾ ಹೋದ ಹಾಗೆ ಒಂದು ಕಡೆ ಮಾತು ತಪ್ಪಲು ಶುರುವಾಗಬಹುದು. ಅಲ್ಲಿಗೇ ನಿಲ್ಲಿಸಿ ಸ್ವಲ್ಪ ಗೆಡ್ಡೆ ಉಳಿಸಲೇ? ಅಥವಾ ಮಾತಿಗೆ ಪೆಟ್ಟಾದರೂ ಆಗಲಿ, ಹೆಚ್ಚು ವರ್ಷ ಸಿಗುವ ಆಸೆಯಲ್ಲಿ ಇನ್ನಷ್ಟು ತೆಗೆಯಲೇ?

ನಾನು ಇವರ ಕಡೆಗೆ ತಿರುಗಿದೆ. ಡಾಕ್ಟರನ್ನು ಕಾಣಲೆಂದು ಇವರು ಬೆಳಿಗ್ಗೆ ಗಡ್ಡ ಬೋಳಿಸಿದ್ದರು. ಕಿವಿಯ ಕೆಳಗೆ ಒಂದಿಷ್ಟು ಬಿಟ್ಟುಹೋಗಿತ್ತು.

‘ಎಂತ ಅಂಬ್ರ್?’ ಡಾಕ್ಟರು ಏನೆನ್ನುತ್ತಾರೆ ಎಂದು ಕೇಳಿದರು ಇವರು.

‘ಆಪ್ರೇಶನ್ ಮಾಡ್ಕ್ ಅಂಬ್ರ್. ಮಾಡ್ಲಾ ಅಂತ ಕೇಂತ್ರ್.’

‘ಪೂರಾ ಹೋತ್ತಂಬ್ರಾ?’

‘ಹೋತ್ತಂಬ್ರ್.’

‘ರಿಸ್ಕ್ ಅಂತ ಎಂತದೋ ಹೇಳ್ರಲೆ?’

‘ಎಲ್ಲಾ ಆಪ್ರೇಶನ್ನಿಗೂ ಹಾಂಗೇ ಹೇಳುದ್.’

‘ಹಾಂಗಾರೆ ಮಾಡ್ಲಿ. ಅಡ್ಡಿಲ್ಲೆ.’

ನಾನು ಡಾಕ್ಟರ ಕಡೆಗೆ ತಿರುಗಿ, ಆದಷ್ಟೂ ತೆಗೆಯಿರಿ ಎನ್ನುತ್ತಿದ್ದಾರೆ, ಮಾತಿಗೆ ಏನಾದರೂ ಚಿಂತೆಯಿಲ್ಲವಂತೆ ಎಂದೆ. ಇಂಗ್ಲಿಷಿನಲ್ಲಿ, ವ್ಯಾಕರಣದ ಒಂದು ತಪ್ಪೂ ಇಲ್ಲದೆ. ಡಾಕ್ಟರು ಒಂದು ಕ್ಷಣ ನನ್ನನ್ನು ನೋಡಿದರು. ಅಷ್ಟು ದೊಡ್ಡ ಪ್ರಶ್ನೆಗೆ ಇಷ್ಟು ಬೇಗ ಉತ್ತರ ಬಂತೇ ಎಂದು ಅನಿಸಿರಬೇಕು. ಆಮೇಲೆ ಬರೆದುಕೊಂಡರು.

ಯೋಚಿಸಿ ಮಾಡಿದ್ದಲ್ಲ ಅದು. ‘ಹೆಚ್ಚು ವರ್ಷ’ ಎಂಬ ಎರಡು ಶಬ್ದ ಕಿವಿಗೆ ಬಿದ್ದ ಮೇಲೆ ಬೇರೇನೂ ನನಗೆ ಕೇಳಿಸಲಿಲ್ಲ. ಇವರನ್ನು ಕೇಳಿದರೆ ಇವರು ಏನು ಹೇಳಿಯಾರು ಎಂದು ಹೆದರಿಕೆಯಾಯಿತು. ಹಾಗಾಗಿ ಕೇಳಲಿಲ್ಲ.

ಆಪರೇಷನ್ನಿಗೆ ಒಂಬತ್ತು ದಿನ ಇತ್ತು. ಆ ಒಂಬತ್ತು ದಿನ ನಮ್ಮ ಮನೆ ತುಂಬ ಒಳ್ಳೆಯ ಸುದ್ದಿ. ಬಂದವರೆಲ್ಲ ಒಬ್ಬೊಬ್ಬ ಗುಣವಾದವರನ್ನು ಕರೆದುಕೊಂಡು ಬಂದ ಹಾಗೆ ಬರುತ್ತಿದ್ದರು. ವಂಡ್ಸೆಯ ಒಬ್ಬರಿಗೆ ಹೀಂಗೇ ಆಯಿ ಈಗ ಟ್ರ್ಯಾಕ್ಟರ್ ಬಿಡ್ತ್ರಂಬ್ರ್. ಯಾರದೋ ಸೊಸೆಗೆ ಲಿಂಬೆಹಣ್ಣಿನಷ್ಟು ದೊಡ್ಡದು ಇದ್ದಿತ್ತಂಬ್ರ್, ಈಗ ಗುರುತೂ ಇಲ್ಲೆ. ಇವರ ಅಕ್ಕ ಗಿರಿಜಕ್ಕ, ನನಗೆ ಅತ್ತಿಗೆ, ಬೈಂದೂರಿನಿಂದ ಬಂದು ನಮ್ಮಲ್ಲೇ ನಿಂತರು. ಬಂದ ಮರುದಿನವೇ ದೇವಸ್ಥಾನಕ್ಕೆ ಹೋಗಿ ಪ್ರಸಾದ ಕೇಳಿಸಿದರು. ದೇವರ ಮೇಲಿನ ಹೂ ಬಲಕ್ಕೆ ಬಿದ್ದರೆ ಆಗಬಹುದು, ಎಡಕ್ಕಾದರೆ ಬೇಡ. ಬಲಕ್ಕೆ ಬಿತ್ತಂತೆ. ಆ ಹೂವನ್ನು ಎಲೆಯಲ್ಲಿ ಸುತ್ತಿ ತಂದು ಇವರ ತಲೆದಿಂಬಿನ ಅಡಿ ಇಟ್ಟರು.

ಇವರಂತೂ ಇಡೀ ರೂಟಿಗೆ ಹೇಳಿ ಆಗಿತ್ತು. ರಜೆ ಹಾಕುವ ಮುಂಚಿನ ಕೊನೆಯ ಟ್ರಿಪ್ಪಿನಲ್ಲಿ ಬಸ್ಸಿನವರಿಗೆಲ್ಲ ‘ಒಂದ್ ತಿಂಗ್ಳ್ ಬಿಟ್ಟ್ ಬತ್ತೆ, ಪೂರಾ ತೆಗ್ದ್ ಬಿಸಾಡ್ತ್ರಂಬ್ರ್’ ಎಂದಿದ್ದರು. ಅಂಗಡಿಗೆ ಹೋದರೆ ನಾನು ಹೇಳಿದ ಸುಳ್ಳು ಬೇರೆಯವರ ಬಾಯಿಂದ ನನಗೇ ವಾಪಸು ಬರುತ್ತಿತ್ತು. ‘ನಿಮ್ಮನಿಯವ್ರಿಗ್ ಪೂರಾ ಗುಣ ಆತ್ತಂಬ್ರಲೆ, ಪುಣ್ಯ’ ಎಂದು ಒಬ್ಬರು ನನ್ನ ಕೈ ಹಿಡಿದುಕೊಂಡರು. ನಾನು ತೂಕ ಮಾಡಿಸಿದ ಟೊಮೆಟೊ ಅಲ್ಲೇ ಬಿಟ್ಟು ಬಂದೆ.

ಹಗಲೆಲ್ಲ ನಾನು ಇವರ ಮಾತನ್ನು ಕಾಯುತ್ತಿದ್ದೆ. ಎಂತ ಪಲ್ಯ ಮಾಡ್ಲಿ ಎಂದು ಕೇಳುತ್ತಿದ್ದೆ, ಪಲ್ಯಕ್ಕಲ್ಲ, ‘ಅಲಸಂದೆ’ ಎಂಬ ಶಬ್ದ ಸಲೀಸಾಗಿ ಬರುತ್ತದೋ ಎಂದು ನೋಡಲು. ಎಲ್ಲಾದರೂ ತಡೆದರೆ ಕೂಡಲೇ ಇನ್ನೊಂದು ಪ್ರಶ್ನೆ ಕೇಳುತ್ತಿದ್ದೆ. ಒಂದು ದಿನ ಇವರು ಹಿತ್ತಲಲ್ಲಿ ಪಕ್ಕದ ಮನೆಯ ಬೆಕ್ಕಿಗೆ ಬೈಯುತ್ತಿದ್ದರು. ನಾನು ಕಿಟಕಿಯ ಹಿಂದೆ ನಿಂತು ಮೊಬೈಲಿನಲ್ಲಿ ಆ ಬೈಗುಳವನ್ನು ರೆಕಾರ್ಡ್ ಮಾಡಿಕೊಂಡೆ. ಮಾಡಿಕೊಂಡ ಮೇಲೆ, ಇದು ಸಾಯುವವರಿಗೆ ಮಾಡುವ ಕೆಲಸ ಅಲ್ಲವೇ ಎನಿಸಿತು. ಅಳಿಸಲೂ ಆಗಲಿಲ್ಲ.

ಆಪರೇಷನ್ನಿಗೆ ಎರಡು ದಿನ ಮೊದಲು ಭರ್ತಿ ಮಾಡಿಕೊಂಡರು. ಮಾತಿನ ಪರೀಕ್ಷೆ ಮಾಡುವ ಹುಡುಗಿ ಬಂದಳು, ಶಿವಮೊಗ್ಗದ ಕಡೆಯವಳು, ಜಡೆಗೆ ಪೆನ್ನು ಸಿಕ್ಕಿಸಿಕೊಂಡಿದ್ದಳು. ಆಪರೇಷನ್ ನಡೆಯುವಾಗ ಇವರಿಗೆ ಚಿತ್ರ ತೋರಿಸಿ ಹೆಸರು ಕೇಳುವುದು ಅವಳ ಕೆಲಸ. ಮನೆಯಲ್ಲಿ ದಿನಾ ಕಾಣುವ ವಸ್ತುಗಳ ಫೋಟೋ ಬೇಕೆಂದು ಮೊದಲೇ ಹೇಳಿದ್ದರು. ನಿಶಾ ಮೂವತ್ತು ಫೋಟೋ ತೆಗೆದುಕೊಟ್ಟಿದ್ದಳು. ಇವರು ಒಂದೊಂದನ್ನೇ ಹೇಳುತ್ತಾ ಹೋದರು. ಮೀನಿನ ಫೋಟೋ ಬಂದಾಗ, ‘ಬಂಗ್ಡಿ. ಆರೆ ಇದ್ ತಾಜಾ ಅಲ್ಲ, ಕಣ್ಣ್ ಕಾಣಿ’ ಎಂದರು. ಹುಡುಗಿ ನಕ್ಕು ಅದನ್ನೂ ಬರೆದುಕೊಂಡಳು.

ಮುಗಿದ ಮೇಲೆ ನನ್ನನ್ನು ಹೊರಗೆ ಕರೆದಳು.

‘ಮೇಡಂ, ಸಾರ್‌ಗೆ ಎಲ್ಲಾ ಹೇಳಿದೀರಲ್ವಾ? ಒಳಗೆ ಮಾತಾಡುವಾಗ, ಪೂರ್ತಿ ತೆಗೆದ್ರೆ ಮುಗೀತು ಅಂದ್ರು. ಅದಕ್ಕೇ ಕೇಳ್ದೆ.’

ಅವಳು ಫೈಲು ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟಳು. ಮಾತಿಗೆ ತೊಂದರೆಯಾದರೂ ಸರಿ, ಸಾಧ್ಯವಾದಷ್ಟೂ ತೆಗೆಯಬೇಕೆಂಬುದು ರೋಗಿಯ ಇಚ್ಛೆ ಎಂದು ಡಾಕ್ಟರು ತಮ್ಮ ಕೈಬರಹದಲ್ಲಿ ಬರೆದಿದ್ದರು. ಕೆಳಗೆ ಡಾಕ್ಟರ ಸಹಿ. ನನ್ನ ಹೆದರಿಕೆ ಇವರ ಹೆಸರಿನಲ್ಲಿ ಅಷ್ಟು ಅಚ್ಚುಕಟ್ಟಾಗಿ ಕೂತಿತ್ತು.

‘ಇದು ಅವರು ಹೇಳಿದ್ದಲ್ಲ’ ಎಂದೆ.

ಹುಡುಗಿ ಬೈಯಲಿಲ್ಲ. ‘ಅವರು ಎಚ್ಚರವಾಗಿರ್ತಾರೆ ಮೇಡಂ. ಮಾತು ತಡವರಿಸಿದಾಗ ಯಾಕೆ ಅಂತ ಗೊತ್ತಿಲ್ದಿದ್ರೆ ಗಾಬರಿ ಬೀಳ್ತಾರೆ. ಅಲ್ಲಿ ಅಲುಗಾಡೋ ಹಾಗಿಲ್ಲ. ನಾವೂ ಹೇಳಬಹುದು. ಆದ್ರೆ ಮೊದಲು ನೀವೇ ಹೇಳಿದ್ರೆ ಒಳ್ಳೇದು. ನಾಳೆ ಸಂಜೆ ಡಾಕ್ಟ್ರು ರೌಂಡ್ಸಿಗೆ ಬರೋದ್ರೊಳಗೆ.’

ಅತ್ತಿಗೆಗೆ ಹೇಳಿದೆ. ಅವರು ಸುಲಿಯುತ್ತಿದ್ದ ಬಾಳೆಹಣ್ಣನ್ನು ಕೆಳಗಿಟ್ಟರು.

‘ಹೇಳ್ಬ್ಯಾಡ ಮಾರಾಯ್ತಿ. ಅವ ಧೈರ್ಯದಂಗೆ ಇದ್ದ. ಅದನ್ನೂ ತೆಗ್ದ್ರೆ ಎಂತ ಉಳಿತ್ ಅವನ್ ಹತ್ರ? ದೇವ್ರ್ ಬಲಕ್ಕೆ ಕೊಟ್ಟಿತ್ತಲೆ.’

‘ದೇವ್ರ್ ಹತ್ರ ಎಂತ ಕೇಂಡ್ರಿ ಅತ್ತಿಗೆ?’

‘ಎಂತ ಕೇಂಬುದ್? ಆಪ್ರೇಶನ್ ಮಾಡ್ಸುದಾ ಬ್ಯಾಡ್ದಾ ಅಂತ.’

ದೇವರ ಮುಂದೆಯೂ ಹೋದದ್ದು ನಾನು ತಿದ್ದಿದ ಪ್ರಶ್ನೆಯೇ.

ಮರುದಿನ ಮಧ್ಯಾಹ್ನ ಊಟವಾದ ಮೇಲೆ ಇವರು ಕಾರಿಡಾರಿನ ತುದಿಯ ಬೆಂಚಿನಲ್ಲಿ ಕೂತಿದ್ದರು. ಅಲ್ಲಿಂದ ಕೆಳಗೆ ರಸ್ತೆ ಕಾಣುತ್ತದೆ, ಬಸ್ಸು ಕಾಣುತ್ತದೆ. ಯಾವ ಬಸ್ಸು ಎಷ್ಟು ಲೇಟು ಎಂದು ಲೆಕ್ಕ ಹಾಕುತ್ತಿದ್ದರು. ನಾನು ಪಕ್ಕದಲ್ಲಿ ಕೂತೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚಿ, ಸುತ್ತಿಕೊಂಡು ಬಿಚ್ಚಿ, ಕೊನೆಗೆ ಹೇಳಿದೆ.

‘ನಾ ಒಂದ್ ತಪ್ಪ್ ಮಾಡಿದೆ. ಆ ದಿನ ಡಾಕ್ಟ್ರ್ ಹೇಳದ್ದ್ ಪೂರಾ ನಿಮ್ಗ್ ಹೇಳ್ಲಿಲ್ಲೆ.’

ಎಲ್ಲವನ್ನೂ ಹೇಳಿದೆ. ಪೂರ್ತಿ ತೆಗೆಯಲು ಆಗುವುದಿಲ್ಲ ಎಂದದ್ದು, ಮಾತಿನ ವಿಷಯ, ಕೊನೆಗೆ ಆ ಪ್ರಶ್ನೆ, ಅದಕ್ಕೆ ನಾನು ಕೊಟ್ಟ ಉತ್ತರ. ಇವರು ರಸ್ತೆಯನ್ನೇ ನೋಡುತ್ತಿದ್ದರು.

‘ನಾ ಊರಿಗೆಲ್ಲಾ ಹೇಳಿ ಆಯ್ತಲೆ’ ಎಂದರು ಮೊದಲು. ಆಮೇಲೆ ನನ್ನ ಕಡೆ ತಿರುಗಿದರು. ‘ನನ್ನ ಬಾಯಿ ಇನ್ನೂ ಹೋಯ್ಲಿಲ್ಲೆ. ಹೋಪು ಮುಂಚೆಯೇ ನೀ ನನ್ನ ಬಾಯಂಗ್ ಮಾತಾಡ್ದ್ಯಾ?’

ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಇವರು ನನಗೆ ಗದರಿದ್ದು ಇದೆ, ತಟ್ಟೆ ದೂಡಿದ್ದೂ ಇದೆ. ಇಷ್ಟು ಮೆಲ್ಲಗೆ ಮಾತಾಡಿದ್ದು ಇರಲಿಲ್ಲ. ಎದ್ದು ಹೋದರು. ಆಸ್ಪತ್ರೆಯ ನೀಲಿ ಅಂಗಿ ಹಿಂದಿನಿಂದ ಅರ್ಧ ಬಿಚ್ಚಿಕೊಂಡಿತ್ತು. ಕರೆದು ಲಾಡಿ ಕಟ್ಟಲೂ ನನಗೆ ಧೈರ್ಯವಾಗಲಿಲ್ಲ.

ಒಂದು ಗಂಟೆ ಬರಲಿಲ್ಲ. ಮೆಟ್ಟಿಲು, ಕ್ಯಾಂಟೀನು, ಗೇಟಿನವರೆಗೆ ಹೋಗಿ ಬಂದೆ. ಬಸ್ಸು ಹತ್ತಿ ಮನೆಗೆ ಹೋಗಿಬಿಟ್ಟರೆಂದೇ ಎಣಿಸಿದೆ. ಇವರನ್ನು ಹತ್ತಿಸಿಕೊಳ್ಳದ ಬಸ್ಸು ಆ ರಸ್ತೆಯಲ್ಲಿ ಇಲ್ಲ. ದಾರಿಯಲ್ಲಿ ಫಿಟ್ಸ್ ಬಂದು ಬಿದ್ದರೆ ಎಂದು ಹೆದರಿ, ಹೇಳಲು ವಾರ್ಡಿಗೆ ಓಡಿ ಬಂದೆ. ಕೊನೆಗೆ ನೋಡಿದರೆ ನರ್ಸುಗಳ ಮೇಜಿನ ಹತ್ತಿರ ಸ್ಟೂಲಿನಲ್ಲಿ ಕೂತಿದ್ದರು. ಡಾಕ್ಟರನ್ನು ಕಾಣದೆ ಏಳುವುದಿಲ್ಲ ಎಂದು ಹೇಳಿದ್ದರಂತೆ.

ಡಾಕ್ಟರು ಬಂದದ್ದು ಐದು ಗಂಟೆಗೆ. ಇವರನ್ನು ಹಾಸಿಗೆಯ ಮೇಲೆ ಕೂರಿಸಿ ತಾವೂ ಎದುರಿಗೆ ಕೂತರು. ಆ ಹುಡುಗಿಯೂ ಇದ್ದಳು, ಅವಳೇ ದಾಟಿಸಬಹುದಿತ್ತು. ಇವರು, ‘ಬ್ಯಾಡ, ಇವ್ಳೇ ಹೇಳ್ಲಿ’ ಎಂದರು. ‘ಡಾಕ್ಟ್ರ್ ಎಂತ ಹೇಳ್ತ್ರೋ ಅಷ್ಟೇ ಹೇಳ್. ನಾ ಎಂತ ಹೇಳ್ತ್ನೋ ಅಷ್ಟೇ ಹೇಳ್.’

ಮೊದಲು ನಾನು ಮಾಡಿದ್ದನ್ನು ಡಾಕ್ಟರಿಗೆ ಹೇಳಬೇಕಾಯಿತು. ಮಾತಿನ ನಡುವೆ ನನ್ನ ಇಂಗ್ಲಿಷ್ ಕೈಕೊಟ್ಟಿತು, ‘ಸಾರಿ’ ಎಂದು ಮೂರು ಸಲ ಹೇಳಿದೆ. ಡಾಕ್ಟರು ತಲೆಯಾಡಿಸಿ, ಹೀಗೆ ಮಾಡುವವರು ನೀವು ಮೊದಲಿನವರಲ್ಲ ಎಂದರು. ಅದರಲ್ಲಿ ಸಮಾಧಾನವೂ ಇತ್ತು, ಇರಿತವೂ ಇತ್ತು. ಆಮೇಲೆ ಆ ಪ್ರಶ್ನೆಯನ್ನು ಮತ್ತೆ ಕೇಳಿದರು. ಈ ಸಲ ನಾನು ಶಬ್ದಕ್ಕೆ ಶಬ್ದ ಇಟ್ಟು ದಾಟಿಸಿದೆ.

‘ಉಳ್ಸಿರೆ ಎಷ್ಟ್ ವರ್ಷ, ತೆಗ್ದ್ರೆ ಎಷ್ಟ್ ವರ್ಷ ಅಂತ ಕೇಳ್’ ಎಂದರು.

ಡಾಕ್ಟರು ಲೆಕ್ಕ ಕೊಡಲಿಲ್ಲ. ಹೆಚ್ಚು ತೆಗೆದಷ್ಟು ಹೆಚ್ಚು ಕಾಲ ಎಂಬ ಆಸೆ ಇದೆ, ಖಂಡಿತ ಎಂದು ಹೇಳಲು ಆಗುವುದಿಲ್ಲ. ಉಳಿಸಿದರೆ ಅದು ಮತ್ತೆ ಬೆಳೆಯಬಹುದು, ಯಾವಾಗ ಎಂದು ಗೊತ್ತಿಲ್ಲ, ನೋಡುತ್ತಾ ಇರಬೇಕು. ಗೊತ್ತಿಲ್ಲ ಎಂಬ ಶಬ್ದವನ್ನು ಹಾಗೆಯೇ ಕನ್ನಡಕ್ಕೆ ತಂದೆ.

ಇವರು ಬೆಡ್‌ಶೀಟಿನ ಒಂದು ನೂಲು ಎಳೆದು ಕಿತ್ತರು.

‘ಅಪ್ಪಯ್ಯ ನಾಕ್ ವರ್ಷ ಬಾಯಿ ಇಲ್ದೇ ಮಲ್ಕಂಡದ್ದ್ ನೀ ಕಂಡಿದ್ದೆ’ ಎಂದರು ನನಗೆ. ‘ನೀರ್ ಕೊಟ್ರೆ ಗ್ಲಾಸ್ ಬಿಸಾಡ್ತಿದ್ರ್. ಎಂತ ಬೇಕಿತ್ತ್ ಅವ್ರಿಗೆ? ಕಡೆ ವರೆಗೂ ನಮ್ಗ್ ಗೊತ್ತಾಯ್ಲಿಲ್ಲೆ. ನಂಗ್ ಹಾಂಗ್ ಬದ್ಕುದ್ ಬ್ಯಾಡ. ಮಾತ್ ತಪ್ಪುಕ್ ಶುರು ಆರೆ ಅಲ್ಲೇ ನಿಲ್ಲಿಸ್ಕ್ ಅಂತ ಹೇಳ್.’

ಆ ವಾಕ್ಯ ನನಗೆ ಬೇಡವಾಗಿತ್ತು. ಮಾವನ ಬಾಯಿ ಒರೆಸಿದ್ದು, ಆ ಸಿಟ್ಟಿನ ಕಣ್ಣು ನೋಡಿದ್ದು ನಾನೇ. ಆದರೂ ನನಗೆ ಇವರು ಬೇಕಿತ್ತು, ಮಾತಿಲ್ಲದೆ ಮಲಗಿದ್ದರೂ ಸರಿ, ಇದ್ದರೆ ಸಾಕಿತ್ತು.

‘ಹೇಳ್ ಶಾಲಿನಿ. ಬಸ್ ಎಲ್ ನಿಲ್ಸುದ್ ಅಂತ ಹೇಳುದ್ ಕಂಡಕ್ಟ್ರ್, ಡ್ರೈವರ್ ಅಲ್ಲ ಅಂತಲೂ ಹೇಳ್.’

ಹೇಳಿದೆ. ಎರಡನ್ನೂ ಹೇಳಿದೆ. ಡಾಕ್ಟರು ನಗಲಿಲ್ಲ, ಎದ್ದು ಇವರ ಭುಜದ ಮೇಲೆ ಕೈ ಇಟ್ಟರು. ಫೈಲಿನಲ್ಲಿ ಆ ಹಳೆಯ ಸಾಲಿನ ಮೇಲೆ ಗೆರೆ ಎಳೆದು ಹೊಸದಾಗಿ ಬರೆದರು. ಆ ದಿನ ರಾತ್ರಿ ಊಟದ ಹೊತ್ತಿಗೂ ಇವರು ನನ್ನ ಹತ್ತಿರ ಹೆಚ್ಚು ಮಾತಾಡಲಿಲ್ಲ. ಅಂಗಿಯ ಲಾಡಿ ಕಟ್ಟಲು ಮಾತ್ರ ಬೆನ್ನು ಕೊಟ್ಟರು.

ಬೆಳಿಗ್ಗೆ ಏಳೂವರೆಗೆ ಕರೆದುಕೊಂಡು ಹೋದರು. ತಲೆಯ ಎಡಗಡೆ ಮಾತ್ರ ಬೋಳಿಸಿದ್ದರು. ‘ಹೀಂಗ್ ಕಂಡ್ರೆ ಯಾರ್ ಟಿಕೆಟ್ ತಕಂತ್ರ್ ನನ್ ಹತ್ರ?’ ಎಂದರು ನರ್ಸಿಗೆ. ನನ್ನನ್ನು ನೋಡಿ ಏನೋ ಹೇಳಲು ಹೊರಟರು. ಅಷ್ಟರಲ್ಲಿ ಟ್ರಾಲಿ ತಿರುಗಿತು. ಹೇಳಲು ಹೊರಟದ್ದು ಏನು ಎಂದು ನಾನು ಈಗಲೂ ಕೇಳಿಲ್ಲ.

ಹೊರಗೆ ಕಾಯುವ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿ, ಸ್ವರ ತೆಗೆದಿಟ್ಟ ಟೀವಿ, ಗೋಡೆಗೆ ತಾಗಿ ಚಪ್ಪಲಿಗಳ ಸಾಲು. ಇವರ ಚಪ್ಪಲಿ ನನ್ನ ಚೀಲದಲ್ಲಿತ್ತು. ಎಡಗಾಲಿನ ಹಿಮ್ಮಡಿ ಹೆಚ್ಚು ಸವೆದದ್ದು ಆ ದಿನವೇ ನಾನು ಗಮನಿಸಿದ್ದು. ಇಪ್ಪತ್ತೆರಡು ವರ್ಷ ಬಸ್ಸಿನ ಬಾಗಿಲಲ್ಲಿ ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತದ್ದಕ್ಕೆ ಇರಬೇಕು. ಪ್ರತಿಸಲ ಬಾಗಿಲು ತೆರೆದಾಗ ಕೂತವರೆಲ್ಲ ಒಟ್ಟಿಗೆ ಏಳುತ್ತಿದ್ದೆವು, ಒಬ್ಬರ ಹೆಸರು ಕರೆದ ಮೇಲೆ ಉಳಿದವರು ಕೂರುತ್ತಿದ್ದೆವು. ಈ ಏಳುವುದು ಕೂರುವುದು ಗೊತ್ತಿರುವವರಿಗಾಗಿಯೇ ನಾನು ಇದನ್ನು ಬರೆಯುತ್ತಿದ್ದೇನೆ.

ಬ್ರಹ್ಮಾವರದ ಕಡೆಯ ಒಬ್ಬ ಹೆಂಗಸು ನನ್ನ ಪಕ್ಕ ಇದ್ದರು. ಅವರ ಮಗನದು ಬೈಕ್ ಆಕ್ಸಿಡೆಂಟ್. ಗುಣವಾದವರ ಕಥೆ ಒಂದನ್ನೂ ಅವರು ಹೇಳಲಿಲ್ಲ. ‘ಹೋಯಿ ಎಂತಾರೂ ಕುಡ್ಕಂಡ್ ಬನಿ. ನಿಮ್ಮನಿಯವ್ರ ಹೆಸ್ರ್ ಹೇಳಿ ಹೋಯ್ನಿ, ಕರೆದ್ರೆ ನಾ ಓಡಿ ಬಂದ್ ಹೇಳ್ತೆ’ ಎಂದರು ಅಷ್ಟೇ. ಒಂಬತ್ತು ದಿನದಲ್ಲಿ ನನಗೆ ಸಿಕ್ಕ ದೊಡ್ಡ ಉಪಕಾರ ಅದು. ನಾನು ಎದ್ದು ಹೋಗದಿದ್ದರೂ.

ಅತ್ತಿಗೆ ಕಣ್ಣು ಮುಚ್ಚಿ ಕೂತಿದ್ದರು. ‘ಎಲ್ ನಿಲ್ಲಿಸ್ಕ್ ಅಂತ ದೇವ್ರಿಗ್ ಗೊತ್ತಿತ್ತಾ ಹೆಣೆ?’ ಎಂದರು ಒಮ್ಮೆ. ನಾನು ಅವರ ಕೈ ಹಿಡಿದುಕೊಂಡೆ.

ಒಂದೂಕಾಲಿಗೆ ಆ ಹುಡುಗಿ ಹೊರಗೆ ಬಂದಳು. ತಲೆಗೆ ಹಸಿರು ಟೋಪಿ, ಮೂಗಿನ ಮೇಲೆ ಮಾಸ್ಕಿನ ಗೆರೆ.

‘ನಿಲ್ಲಿಸಿದ್ರು ಮೇಡಂ. ಹುಷಾರಾಗಿದ್ದಾರೆ.’

ಅವಳು ಹೇಳಿದ್ದನ್ನು ನಾನು ಎಷ್ಟೋ ಸಲ ನೆನಪಿಸಿಕೊಂಡಿದ್ದೇನೆ. ಫೋಟೋಗಳೆಲ್ಲ ಸರಿಯಾಗಿ ಹೇಳಿದರಂತೆ, ಮೀನಿಗೆ ಮತ್ತೆ ತಾಜಾ ಅಲ್ಲ ಎಂದರಂತೆ. ಆಮೇಲೆ ಅವಳು ಬಸ್ಸಿನ ಸ್ಟಾಪುಗಳನ್ನು ಹೇಳಿಸಿದಳಂತೆ. ಮೂರು ಸಲ ಸಲೀಸು. ನಾಲ್ಕನೆಯ ಸಲ ಮರವಂತೆ ದಾಟಿ ತಡೆದರು. ಬೇರೊಂದು ಶಬ್ದ ಬಂತು, ಅದೂ ಅರ್ಧ. ಅವಳು ಗಾಬರಿಯಾಗಿ ಇವರ ಮುಖ ನೋಡಿದರೆ ಇವರೇ ಎಡಗೈ ಎತ್ತಿದರಂತೆ, ಬಸ್ಸು ನಿಲ್ಲಿಸುವ ಹಾಗೆ. ಡಾಕ್ಟರು ಅಲ್ಲಿಗೇ ಬಿಟ್ಟರು. ಒಂದು ಭಾಗ ಉಳಿದಿದೆ.

‘ಎಷ್ಟು ಉಳಿದಿದೆ?’ ಎಂದೆ.

ಅವಳು ತನ್ನ ಕಿರುಬೆರಳಿನ ತುದಿ ತೋರಿಸಿದಳು.

ಆಗ ನನಗೆ ಆದದ್ದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಸಂತೋಷ ಆಗಲಿಲ್ಲ. ಅಷ್ಟೇ ಅಷ್ಟು ತೆಗೆದುಬಿಡಬಾರದಿತ್ತೇ, ಯಾಕಾದರೂ ನಾನು ನಿಜ ಹೇಳಿದೆ ಎಂದು ಸಿಟ್ಟು ಬಂತು. ಅತ್ತಿಗೆ ಎರಡೂ ಕೈ ಮುಗಿದು ಅಳುತ್ತಿದ್ದರು. ನಾನು ಆ ಹುಡುಗಿಯ ಕಿರುಬೆರಳನ್ನೇ ನೋಡುತ್ತಿದ್ದೆ.

ಮೂರು ದಿನ ಇವರು ಮಾತಾಡಲಿಲ್ಲ. ಬಾವು ಇದೆ, ಇಳಿಯುತ್ತದೆ ಎಂದಿದ್ದರು. ಕೇಳಿದ್ದಕ್ಕೆಲ್ಲ ‘ಹ್ಞಾಂ’ ಎಂಬ ಒಂದೇ ಸ್ವರ. ನೀರು ಬೇಕಾ ಎಂದರೂ ಹ್ಞಾಂ, ಬೇಡವಾ ಎಂದರೂ ಹ್ಞಾಂ. ಎರಡನೆಯ ದಿನ ಕೈಯಿಂದ ಚಮಚ ತಳ್ಳಿದರು. ನನಗೆ ಮಾವನ ಗ್ಲಾಸು ಕಂಡಿತು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ನಾಲ್ಕನೆಯ ದಿನ ಬೆಳಿಗ್ಗೆ ಹಾಸಿಗೆ ಸರಿಮಾಡುತ್ತಿದ್ದಾಗ ಹಿಂದಿನಿಂದ, ‘ತ... ತಣ್ಣಗಿತ್ತ್’ ಎಂದರು. ಚಾದ ಬಗ್ಗೆ. ನಾನು ಓಡಿಹೋಗಿ ಬಿಸಿ ಮಾಡಿಸಿ ತಂದೆ. ಅಷ್ಟು ಬಿಸಿ ಇವರಿಂದ ಕುಡಿಯಲು ಆಗಲಿಲ್ಲ.

ಮಾತು ಬಂತು, ಮೊದಲಿನ ಹಾಗಲ್ಲ. ಹೆಸರುಗಳು ತಡೆಯುತ್ತವೆ. ತಲ್ಲೂರು ಎನ್ನಬೇಕಾದರೆ ನೇರ ತಲ್ಲೂರು ಬರುವುದಿಲ್ಲ, ಉಪ್ಪುಂದದಿಂದ ಹೊರಟು ಒಳಗೊಳಗೇ ಒಂದೊಂದನ್ನು ದಾಟಿ ಅಲ್ಲಿಗೆ ಮುಟ್ಟಬೇಕು. ತುಟಿ ಅಲುಗಾಡುವುದು ನನಗೆ ಕಾಣುತ್ತದೆ. ಬಸ್ಸಿನ ಬಾಗಿಲ ಕೆಲಸ ಬಿಟ್ಟರು. ಈಗ ಬೈಂದೂರು ಸ್ಟ್ಯಾಂಡಿನಲ್ಲಿ ಅರ್ಧ ದಿನ ಟೈಂ ಕೀಪರ್, ಬಸ್ಸು ಬಂದ ಹೊತ್ತು ಹೋದ ಹೊತ್ತು ಬರೆಯುವುದು. ಹಳೆಯ ಪ್ಯಾಸೆಂಜರುಗಳು ಕಂಡರೆ ಇವರಿಗಾಗಿ ತಾವೇ ವಾಕ್ಯ ಮುಗಿಸಿಕೊಡುತ್ತಾರೆ. ಪ್ರೀತಿಯಿಂದಲೇ. ಇವರಿಗೆ ಅದು ಆಗುವುದಿಲ್ಲ.

ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್. ಅದಕ್ಕೆ ಒಂದು ವಾರ ಮುಂಚಿನಿಂದ ನನಗೆ ಅನ್ನ ಸೇರುವುದಿಲ್ಲ. ಹೋದ ತಿಂಗಳು ಹೋಗಿದ್ದೆವು. ಡಾಕ್ಟರು ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಆ ಹೊತ್ತಿನಲ್ಲಿ ಎ.ಸಿ.ಯಿಂದ ನೀರು ತೊಟ್ಟಿಕ್ಕುವುದನ್ನು ಎಣಿಸಿದೆ, ಹದಿನೇಳು. ಉಳಿದದ್ದು ಅಷ್ಟೇ ಇದೆ, ಸದ್ಯಕ್ಕೆ ಬೆಳೆದಿಲ್ಲ ಎಂದರು. ಮುಂದೆ ಏನು ಎಂದು ಹೇಳಲಾಗುವುದಿಲ್ಲ ಎಂದರು. ಎರಡನ್ನೂ ನಾನು ದಾಟಿಸಿದೆ, ‘ಸದ್ಯಕ್ಕೆ’ ಎಂಬುದನ್ನೂ ಬಿಡಲಿಲ್ಲ.

ಆಮೇಲೆ ಡಾಕ್ಟರು, ಮಾತು ಹೇಗಿದೆ ಎಂದು ಕೇಳಿದರು.

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ತುಂಬ ಸುಧಾರಿಸಿದೆ ಸರ್, ಮನೆಯಲ್ಲಿ ಎಲ್ಲ ಮಾತಾಡುತ್ತಾರೆ, ಅಂತ. ಒಳ್ಳೆಯ ಉತ್ತರವೇ, ಅರ್ಧ ನಿಜವೂ ಹೌದು. ನುಂಗಿಕೊಂಡು ಪ್ರಶ್ನೆಯನ್ನು ಇವರಿಗೆ ದಾಟಿಸಿದೆ. ಇವರು ಮೇಜಿನ ಮೇಲಿನ ಪ್ಲಾಸ್ಟಿಕ್ ಮೆದುಳನ್ನು ನೋಡುತ್ತಾ ಕೂತರು. ತುಟಿ ಅಲುಗಿತು, ನಿಂತಿತು. ಡಾಕ್ಟರ ಕೈಯ ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು. ಹೊರಗೆ ಮುಂದಿನವರ ನಂಬರು ಕೂಗಿದರು. ನಾನು ಕೈಗಳನ್ನು ಮಡಿಲಲ್ಲಿ ಹಿಡಿದುಕೊಂಡೆ.

‘ಮಾತ್... ಇತ್ತ್’ ಎಂದರು. ಮತ್ತೆ ಅಷ್ಟೇ ಹೊತ್ತು. ‘ಬಪ್ಪುದ್... ಲೇಟ್.’

ಮಾತು ಇದೆ, ಬರುವುದು ಲೇಟು ಎಂದು ಡಾಕ್ಟರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ನನ್ನ ಮುಖ ನೋಡಿದರು, ಇನ್ನೇನಾದರೂ ಇದೆಯೇ ಎಂದು ಕೇಳುವ ಹಾಗೆ.

‘ಅವರು ಹೇಳಿದ್ದು ಅಷ್ಟೇ’ ಎಂದೆ.